ಮಾವನ ರೈಫಲ್ಲಿನ ಬೋಲ್ಟ್

ಮಾರ್ಚ್ 3
ಇವತ್ತೂ ರೈಫಲ್ ಪರೀಕ್ಷೆ. ಯಾವ ಭಾಗ ಅಸಲಿ, ಯಾವುದು ಆಮೇಲೆ ಕೂರಿಸಿದ್ದು... ನೋಡಿ ನೋಡಿ ಕಣ್ಣು ಉರಿ. ಮ್ಯೂಸಿಯಂನ ಹೊಸ ಗ್ಯಾಲರಿಗೆ ಪೂರಾ ಅಸಲಿ ಇದ್ದದ್ದು ಮಾತ್ರ.

ಕೊನೆಗೆ ಮಾವನದು. ಸೈನ್ಯದವರು ಹಳೆಯ ರೈಫಲ್ ಮಾರಿದಾಗ, ಯುದ್ಧದಲ್ಲಿ ತಾನು ಹಿಡಿದದ್ದನ್ನೇ ಹುಡುಕಿ ಕೊಂಡು, ಆಮೇಲೆ ನಮ್ಮ ಮ್ಯೂಸಿಯಂಗೆ ಕೊಟ್ಟವರು. ಒಂದು ಸ್ಕ್ರೂ ಕೂಡ ಬದಲಾಗಿಲ್ಲ ಎಂಬ ಅವರ ಮಾತು ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ.

ಬ್ಯಾರೆಲ್ ಮೇಲೆ ಒಂದು ನಂಬರು, ಗುಂಡು ತುಂಬಲು ಹಿಂದೆ ಮುಂದೆ ಎಳೆಯುವ ಬೋಲ್ಟ್ ಮೇಲೆ ಇನ್ನೊಂದು! ಎರಡೂ ಒಂದೇ ಇರಬೇಕು. ಬದಲಿ ಬೋಲ್ಟ್ ಎಂದು ರಿಪೋರ್ಟ್ ಕೊಟ್ಟೆ. ಮಾವ ಅಂತ ಮುಲಾಜು ನೋಡಲಿಲ್ಲ ಎಂದು ಡೈರೆಕ್ಟರು ಎಲ್ಲರೆದುರು ಹೊಗಳಿದರು. ನನಗೆ ಕೊಂಬು ಬಂತು.

ಮಾರ್ಚ್ 4
ಊಟಕ್ಕೆ ಕೂತಾಗ ನಾನೇ ಬಾಯಿಬಿಟ್ಟೆ. ಏನು ಅರ್ಜೆಂಟಿತ್ತೋ. ಗಂಡನಿಗೆ ಅಷ್ಟೇ ಸಾಕಾಯಿತು. "ಹಾಗಾದ್ರೆ ಇಷ್ಟು ವರ್ಷ ನಮ್ಮ ಕಿವಿ ಮೇಲೆ ಹೂ ಇಟ್ಟಿದ್ದಾ ಅಪ್ಪ?" ನಾನೂ ನಕ್ಕೆ. ಮಾವ ಅರ್ಧಕ್ಕೇ ಕೈ ತೊಳೆದರು.

ಮಾರ್ಚ್ 9
ಮಾವ ವಾಕಿಂಗ್ ಬಿಟ್ಟಿದ್ದಾರೆ. ಗ್ಯಾಲರಿ ಉದ್ಘಾಟನೆಗೆ ಸೈನ್ಯದ ಹಳೆಯ ಗೆಳೆಯರನ್ನೆಲ್ಲ ಕರೆದಿದ್ದರು. ಈಗ ಅವರ ಫೋನ್ ಬಂದರೆ, ಇಲ್ಲ ಅನ್ನು ಎಂದು ಕೈ ಆಡಿಸುತ್ತಾರೆ.

ಮಾರ್ಚ್ 12, ಮಧ್ಯಾಹ್ನ
ಅಯ್ಯೋ. ಪಕ್ಕದ ರೈಫಲ್ಲಿನ ಬೋಲ್ಟ್ ಮೇಲೆ ಮಾವನ ರೈಫಲ್ಲಿನ ನಂಬರು!

ಹೋದ ವರ್ಷ ತುಕ್ಕು ತೆಗೆಯಲು ಬೋಲ್ಟುಗಳನ್ನೆಲ್ಲ ಬಿಚ್ಚಿ ಒಂದೇ ಟ್ರೇಯಲ್ಲಿ ಸೀಮೆಎಣ್ಣೆಗೆ ಹಾಕಿದವಳು ನಾನು. ಮನೆಗೆ ಹೊರಡುವ ಆತುರದಲ್ಲಿ, ನಂಬರು ನೋಡದೆ ಕೈಗೆ ಸಿಕ್ಕಿದ್ದನ್ನು ಕೂರಿಸಿದವಳೂ ನಾನೇ. ಥೂ ನನ್ನ ಜನ್ಮಕ್ಕೆ.

ಆಚೆ ಈಚೆ ನೋಡಿ ಎರಡನ್ನೂ ಬದಲಾಯಿಸಿಟ್ಟೆ. ಇನ್ನೊಮ್ಮೆ ನೋಡಿದೆ, ನಂಬರು ಸರಿಯಿದೆ ಎಂದು ಡೈರೆಕ್ಟರಿಗೆ ಹೇಳಿದೆ. ಕಣ್ಣು ತಪ್ಪಿರಬೇಕು ಬಿಡಿ ಎಂದರು. ಹೂಂ ಎಂದೆ.

ಮಾರ್ಚ್ 13
ಹೇಳಿಬಿಡೋಣ ಎಂದು ಮಾವನ ಕೋಣೆಗೆ ಹೋದೆ. ಅವರೇ ಮೊದಲು ಶುರು ಮಾಡಿದರು. "ಎಲ್ಲೋ ಬೋಲ್ಟ್ ಬದಲಾಯಿಸಿರ್ಬೇಕಮ್ಮ, ನನಗೇ ನೆನಪಿಲ್ಲ. ಆಫೀಸಲ್ಲಿ ನೀನು ತಲೆ ತಗ್ಗಿಸೋ ಹಾಗೆ ನಾನು ಮಾಡ್ದೆ. ಮನಸ್ಸಲ್ಲಿ ಇಟ್ಕೋಬೇಡ."

ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದಾರೆ! ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆದರೆ ನನ್ನ ಬಾಯಿಂದ ಬಂದದ್ದು — ಹೋಗಲಿ ಬಿಡಿ ಮಾವ. ದೊಡ್ಡ ಮನಸ್ಸಿನವಳ ಹಾಗೆ ಅವರನ್ನು ಕ್ಷಮಿಸಿ ಬಂದೆ.

ಮಾರ್ಚ್ 15, ಬೆಳಗ್ಗೆ
ಡೈರೆಕ್ಟರು ಮನೆಗೇ ಫೋನ್ ಮಾಡಿದರು. ನಿಮ್ಮ ರೈಫಲ್ ಪೂರಾ ಅಸಲಿ, ಉದ್ಘಾಟನೆಗೆ ಬನ್ನಿ ಎಂದು ಮಾವನಿಗೆ ಹೇಳಿದರಂತೆ.

ಫೋನಿಟ್ಟು ಅಡುಗೆಮನೆಗೆ ಬಂದರು. ಕಣ್ಣು ತುಂಬಿತ್ತು. "ನನ್ನ ಮರ್ಯಾದೆ ಉಳಿಸೋಕೆ ಸುಳ್ಳು ರಿಪೋರ್ಟ್ ಕೊಟ್ಯಾ? ಬೇಡಮ್ಮ. ನಿನ್ನ ಕೆಲಸಕ್ಕೆ ಕುತ್ತು. ನಾನೇ ಹೋಗಿ ಅವರಿಗೆ ನಿಜ ಹೇಳ್ತೀನಿ."

ಬಟ್ಟೆ ಹಾಕಿಕೊಳ್ಳುತ್ತಿದ್ದಾರೆ. ಈಗಲೇ ಹೇಳಬೇಕು, ಗಂಡನ ಎದುರೇ. ಹೇಗೆ ಶುರು ಮಾಡಲಿ... ಮಾವ, ನಾನು ಉಳಿಸಿದ್ದು ನಿಮ್ಮ ಮರ್ಯಾದೆಯಲ್ಲ, ನನ್ನದು...