ಬಸವಣ್ಣನ ಫೋಟೋ ಹಿಂದಿನ ಲಕೋಟೆ

ಅಪ್ಪಾ,

ದೀಪ ಹಚ್ಚೋಕೆ ಹೋದಾಗ ಬಸವಣ್ಣನ ಫೋಟೋ ಹಿಂದೆ ಕಾಲೇಜಿನ ಲಕೋಟೆ ಸಿಕ್ತು. ಒಡೆದು ನೋಡಿದೆ. ಸಂದರ್ಶನ ಇವತ್ತೇ, ಹತ್ತು ಗಂಟೆಗೆ! ಸೋಮವಾರ ಪೂಜೆ ಮಾಡಿ ಒಡೆದ್ರೆ ಒಳ್ಳೇದಾಗುತ್ತೆ ಅಂತ ನಾಲ್ಕು ದಿನ ಮುಚ್ಚಿಟ್ಟಿದ್ರಾ? ನನಗೊಂದು ಮಾತು ಹೇಳ್ಬಾರ್ದಿತ್ತಾ?

ಹೆಡ್‌ಮಾಸ್ಟರ ಮನೆಗೆ ಹೋಗಿ ಮಾರ್ಕ್ಸ್ ಕಾರ್ಡಿನ ನಕಲಿಗೆ ಸಹಿ ಹಾಕಿಸ್ಕೊಂಡು, ಅಲ್ಲಿಂದಲೇ ಯಶವಂತಪುರದ ಬಸ್ಸು ಹಿಡೀತೀನಿ. ಪಕ್ಕದ ಮನೆ ರತ್ನಕ್ಕನ ಚಪ್ಪಲಿ ಹಾಕ್ಕೊಂಡಿದೀನಿ, ಅವರು ಕೇಳಿದ್ರೆ ಹೇಳಿ.

ಫೀಸು ಮಾಫಿ ಬೇಕಿದ್ರೆ ತಂದೆ ಖುದ್ದಾಗಿ ಬರಬೇಕಂತೆ. ರಾತ್ರಿ ಶಿಫ್ಟ್ ಮುಗಿಸಿ ಬಂದ ತಕ್ಷಣ ಹೊರಡಿ. ಸ್ನಾನ, ಪೂಜೆ ಅಂತ ಕೂತ್ಕೋಬೇಡಿ. ಫ್ಯಾಕ್ಟರಿಯ ಖಾಕಿ ಬಟ್ಟೇಲೇ ಬನ್ನಿ, ನನಗೇನೂ ನಾಚಿಕೆಯಿಲ್ಲ. ಕಾಲೇಜಿನ ಗೇಟಿನ ಹತ್ರ ಕಾಯ್ತಿರ್ತೀನಿ.

ಲಕೋಟೆ ಮೇಲೆ ನೀವು ಹಚ್ಚಿದ್ದ ವಿಭೂತಿ ಒರೆಸಿಲ್ಲ.

ನೀಲಾ