ನಾಲ್ಕೂ ಕಪ್ಪು ಬಿದ್ದರೆ

ಮಂಗಳವಾರ, ಆಗಸ್ಟ್ ೧೨. ಬಸವಕಲ್ಯಾಣ.

ಮಗು ಮಲಗಿದೆ, ನನಗೆ ನಿದ್ದೆಯಿಲ್ಲ. ಉಸಿರಾಡುತ್ತಿದೆಯೇ ಎಂದು ಮತ್ತೆ ಮತ್ತೆ ಮೂಗಿನ ಹತ್ತಿರ ಬೆರಳು ಹಿಡಿದು ನೋಡುತ್ತಿದ್ದೇನೆ.

ಕಾಲೇಜಿನಲ್ಲಿ ಗೆಳತಿ ಪೂನಂ ಜೊತೆ ಆಡುತ್ತಿದ್ದ ಕಥೆಯಾಟಕ್ಕೆ ಸುಲಭದ ನಿಯಮ ಮಾಡಿದೆ. ಒಬ್ಬರು ಕಥೆ ಹೇಳಬೇಕು, ಇನ್ನೊಬ್ಬರು ಅದರೊಳಗಿನ ಪಾತ್ರವಾಗಿ ದಾಳ ಹಾಕಬೇಕು. ದಾಳದ ಬದಲು ಸೀಳಿದ ನಾಲ್ಕು ಹುಣಸೆಬೀಜ. ಬಿಳಿ ಮೇಲಾಗಿ ಬಿದ್ದಷ್ಟೂ ಗೆಲುವು, ಎಲ್ಲ ಕಪ್ಪು ಬಿದ್ದರೆ ಸೋಲು. ಮದುವೆಯಾಗಿ ಹುಮನಾಬಾದಿಗೆ ಹೋದ ಪೂನಂಗೆ ಆ ನಿಯಮಗಳನ್ನು ಮೊಬೈಲಿನಲ್ಲಿ ಕಳಿಸಿದ್ದೆ. ಹೆಬ್ಬೆರಳಿನ ಚಿತ್ರವೊಂದು ಬಂತು, ಅಷ್ಟೇ.

ಮಧ್ಯಾಹ್ನ ಅತ್ತೆಯನ್ನೇ ಕೂರಿಸಿಕೊಂಡೆ. ಅವರು ಕುರಿ ಕಾಯುವವಳಾದರು, ನಾನು ಹಳ್ಳಕ್ಕೆ ನೆರೆ ತಂದೆ. ದಾಟಲು ಬೀಜ ಹಾಕಿದರು. ನಾಲ್ಕೂ ಕಪ್ಪು.

"ಎಂಟು ಬಿತ್ತು! ಇನ್ನೊಮ್ಮೆ ಹಾಕ್ತೀನಿ," ಎಂದು ಚಪ್ಪಾಳೆ ತಟ್ಟಿದರು.

"ಇಲ್ರಿ ಅತ್ತಿ, ನೀವು ಹಳ್ಳದಾಗ ಹೋದ್ರಿ."

"ಚೌಕಾಬಾರದಾಗ ಎಲ್ಲಾ ಕಪ್ಪು ಬಿದ್ರ ಎಂಟೇ. ನಿಮ್ಮ ಕಾಲೇಜಿನ್ಯಾಗ ಅತ್ತಿಗಿ ಮುಳುಗಸೋದು ಕಲಿಸ್ಯಾರೇನು?"

ಹಾಗೆ ನಕ್ಕು ಎಷ್ಟು ದಿನವಾಗಿತ್ತೋ. ಆ ನಿಯಮ ಹೊಡೆದುಹಾಕಿ ಅವರನ್ನು ದಾಟಿಸಿದೆ. ಅವರು ಬೀಜಗಳನ್ನು ನನ್ನ ಮುಂದೆ ಸರಿಸಿ, "ಈಗ ನಿನ್ನ ಪಾಳಿ," ಎಂದರು.

"ಕಥಿ ಹೇಳೋರು ಹಾಕೋದಿಲ್ರಿ."

"ಮತ್ತ ನೀ ಹ್ಯಾಂಗ ದಾಟತಿ?"

ಅಷ್ಟರಲ್ಲಿ ಮಗು ಎದ್ದಿತು, ಆಟ ನಿಂತಿತು. ಹೇಳುವವಳಿಗೂ ಒಂದು ಪಾಳಿ ಬರೆಯೋಣವೆಂದು ಈಗ ಕುಳಿತಿದ್ದೇನೆ. ಆದರೆ ನಾನು ಬೀಜ ಹಾಕುವಾಗ, ಹಳ್ಳದಲ್ಲಿ ನೀರು ಎಷ್ಟು ಬಂದಿದೆ ಎಂದು ನನಗೆ ಹೇಳುವವರು ಯಾರು?