ಬೆಳಕು ಬೀಳದ ಕಾಲು

ಬಾಗೂರು, ಹೊಸದುರ್ಗ ತಾಲ್ಲೂಕು
೧೮-೯-೧೯೭೮

ಪ್ರೀತಿಯ ತಮ್ಮ ಜುಂಜಪ್ಪನಿಗೆ,

ಹೇಗಿದ್ದೀಯಪ್ಪ? ಹೋಟೆಲ್ ಊಟದಿಂದ ಹೊಟ್ಟೆ ಉರಿಯುತ್ತಿದೆ ಎಂದಿದ್ದೆ, ಈಗ ಕಡಿಮೆಯಾಯಿತೇ? ಮಜ್ಜಿಗೆ ಬಿಡಬೇಡ. ಇಲ್ಲಿ ನಿಮ್ಮ ಭಾವನೂ ಮಕ್ಕಳೂ ಚೆನ್ನಾಗಿದ್ದಾರೆ.

ನಿನ್ನ ಕಾಗದ ಬಂತು. ದೊಡ್ಡ ಡಾಕ್ಟರುಗಳ ಸಭೆಯಲ್ಲಿ ಅವ್ವನ ಬಲಗಾಲು ತೋರಿಸಬೇಕು, ಬೆಂಗಳೂರಿಗೆ ಕರೆದುಕೊಂಡು ಬಾ ಎಂದು ಬರೆದಿದ್ದೀಯ. ಅವ್ವ ಬರುವುದಿಲ್ಲ. ನಾನೂ ಕರೆತರುವುದಿಲ್ಲ.

ಮುದ್ದೆಯ ಎಸರು ಮಗುಚಿ ಅವ್ವನ ಎರಡೂ ಪಾದ ಬೆಂದು, ಸಕ್ಕರೆ ಕಾಯಿಲೆಯಿಂದ ಗಾಯ ಮಾಯದೆ ಕೀವು ಕಟ್ಟಿದಾಗ ನಿನ್ನ ಪ್ರಯೋಗಶಾಲೆಗೆ ಕರೆಸಿಕೊಂಡವನು ನೀನೇ. ಲೇಸರ್ ಎಂಬ ಕೆಂಪು ಬೆಳಕು ಇದೆ, ಸುಡುವುದಿಲ್ಲ, ನೋಯುವುದಿಲ್ಲ, ಹೊರದೇಶದಲ್ಲಿ ಇದರಿಂದ ಹಳೆಯ ಗಾಯಗಳನ್ನು ಮಾಯಿಸುತ್ತಿದ್ದಾರೆ ಎಂದು ನೀನು ಹೇಳಿದೆ. ಅವ್ವ ಆ ಬೆಳಕು ಹೊರಡುವ ಗಾಜಿನ ಕೊಳವೆಗೆ ಕೈ ಮುಗಿದಳು. ನೀನು ದಿನವೂ ಬಲಗಾಲಿಗೆ ಬೆಳಕು ಬಿಟ್ಟೆ, ಎಡಗಾಲಿಗೆ ಬರೀ ಪಟ್ಟಿ ಕಟ್ಟಿಸಿದೆ. "ಈ ಕಾಲಿಗೂ ಒಂದೀಟು ಬಿಡಪ್ಪ, ಇದೂ ನಂದೇ ಅಲ್ವೇನಪ್ಪ?" ಎಂದು ಅವ್ವ ನಗುತ್ತಲೇ ಕೇಳಿದ್ದಳು. "ಎರಡಕ್ಕೂ ಬಿಟ್ರೆ ಬೆಳಕಿಂದಲೇ ವಾಸಿ ಆಯ್ತು ಅಂತ ಯಾರೂ ನಂಬಾದಿಲ್ಲ ಕಣವ್ವ. ಹೋಲಿಸಿ ನೋಡಾಕೆ ಒಂದನ್ನ ಹಂಗೇ ಬಿಡ್ಬೇಕು" ಎಂದವನು ನೀನು. ಬಲಗಾಲು ನಿಜಕ್ಕೂ ಮಾಯಿತು, ಹೊಸ ಚರ್ಮ ಬಂತು; ಇಲ್ಲವೆಂದರೆ ನನ್ನ ನಾಲಿಗೆಗೆ ಹುಳ ಬೀಳಲಿ. ನೀನು ಫೋಟೋ ತೆಗೆದುಕೊಂಡೆ. ಎಡಗಾಲಿನ ಸರದಿ ಬಂದಾಗ, ಕೊಳವೆ ಬೇರೆ ಪ್ರಯೋಗಕ್ಕೆ ಬೇಕಂತೆ, ಮುಂದೆ ನೋಡೋಣ ಎಂದು ನಮ್ಮನ್ನು ಬಸ್ಸು ಹತ್ತಿಸಿದೆ.

ಆಮೇಲೆ ನಾನು ಎಡಗಾಲಿನ ವಿಷಯ ಬರೆದಾಗಲೆಲ್ಲ ನೀನು ಬಲಗಾಲಿನ ಕ್ಷೇಮ ಕೇಳಿದೆ. ಹೋದ ತಿಂಗಳು ಎಡಗಾಲಿನ ಬೆರಳು ಕಪ್ಪಾದವು. ಹೊಸದುರ್ಗದ ಡಾಕ್ಟರು ನೋಡಿ, "ಇಷ್ಟು ದಿನ ಏನ್ ಮಾಡ್ತಿದ್ರಮ್ಮಾ? ಮೊದ್ಲು ಚಿತ್ರದುರ್ಗಕ್ಕೆ ಕರ್ಕಂಡು ಹೋಗ್ರಿ" ಎಂದು ಗದರಿದರು. ಮಗನೇ ಹಾಗೇ ಬಿಟ್ಟ ಕಾಲು ಇದು ಎಂದು ಅವರಿಗೆ ಯಾವ ಬಾಯಲ್ಲಿ ಹೇಳಲಿ?

ದೇವರು ನಿನಗೆ ವಿದ್ಯೆ ಕೊಟ್ಟ. ಆಯುಸ್ಸನ್ನೂ ಕೊಡಲಿ.

ನಿನ್ನ ಅಕ್ಕ,
ಚಿತ್ತಮ್ಮ

ತಾ.ಕ.: ಟಪಾಲು ಹೊರಡುವ ಹೊತ್ತಾಯಿತು. ಅವ್ವ ಬೇಡವೆಂದಿದ್ದಳು, ಆದರೂ ಬರೆಯುತ್ತಿದ್ದೇನೆ. ಚಿತ್ರದುರ್ಗದ ಆಸ್ಪತ್ರೆಯಲ್ಲಿ ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದರು. ಎಚ್ಚರವಾದ ಕೂಡಲೇ ಅವಳು ನನ್ನ ಕೈ ಹಿಡಿದು ಅಂದದ್ದು ಇಷ್ಟೇ: "ಜುಂಜಂಗೆ ಹೇಳ್ಬ್ಯಾಡ ಕಣೆ. ಬಲಗಾಲು ಚೆಂದಾಗೈತೆ ಅಂತ ಬರಿ."